ತಮ್ಮನಿಗಾಗಿ ಹೇಳಿದ ಸಾಕ್ಷಿ

ಜಹೀರಾಬಾದಿನ ಕೋರ್ಟಿನ ಎದುರಿಗೆ ತಗಡಿನ ಅಂಗಡಿಯೊಂದರಲ್ಲಿ ನಾನು ಟೈಪಿಂಗ್ ಕೆಲಸ ಮಾಡುತ್ತೇನೆ. ಹೆಸರು ರಾಮುಲು. ವಕೀಲರು ಬರೆದುಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಹೊಡೆದು, ಪ್ರಿಂಟು ತೆಗೆದು, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನ ಗುರುತು ಮಾಡಿ ಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಜನರ ಹೊಲ, ಬಾವಿ, ಬಂಡಿದಾರಿ ನನ್ನ ಬೆರಳಿನ ಕೆಳಗೆ ಹಾದುಹೋಗಿವೆ. ಹೆಚ್ಚಿನವರ ಹೆಸರು ಸಂಜೆಯೊಳಗೆ ಮರೆತುಹೋಗುತ್ತದೆ. ಗುಂಡನೂರಿನ ಉಮಾಬಾಯಿಯವರ ಹೆಸರು ಮರೆಯಲಾಗಿಲ್ಲ. ಅವರಿಗಾದದ್ದರಲ್ಲಿ ನನ್ನ ಕೈಯೂ ಇದೆ.

ಗುಂಡನೂರು ನ್ಯಾಲ್ಕಲ್ ಮಂಡಲದ, ಕನ್ನಡ ತೆಲುಗು ಎರಡೂ ನಡೆಯುವ ಗಡಿಯ ಹಳ್ಳಿ. ಉಮಾಬಾಯಿಯವರ ತಂದೆ ಕಿಷ್ಟಪ್ಪ ತಾಂಡೂರಿನ ಕಲ್ಲುಗಣಿಗಳಲ್ಲಿ ಹದಿನೈದು ವರ್ಷ ದುಡಿದು, ಊರಿಗೆ ಮರಳಿ ಐದು ಎಕರೆ ಹೊಲ ಕೊಂಡವರು. ಅವರ ಕೇರಿಯಲ್ಲಿ ದುಡಿದು ಹೊಲ ಕೊಂಡವರಲ್ಲಿ ಅವರೇ ಮೊದಲಿಗರು. ಹೆಂಡತಿ ತೀರಿಕೊಂಡಾಗ ಮಗಳು ಉಮಾಬಾಯಿಗೆ ಹನ್ನೆರಡು ವರ್ಷ, ಮಗ ಜೈಪಾಲನಿಗೆ ನಾಲ್ಕು. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದ ಹುಡುಗಿ ಅಲ್ಲಿಗೇ ಓದು ಬಿಟ್ಟು ತಮ್ಮನನ್ನು ಸೊಂಟದ ಮೇಲೆ ಹೊತ್ತಳು. ರೊಟ್ಟಿ ಬಡಿಯುವುದನ್ನು ಪಕ್ಕದ ಮನೆಯವರಿಂದ ಕಲಿತಳು. ತಮ್ಮ ಜ್ವರ ಬಂದು ಮಲಗಿದರೆ ಹೊಲಕ್ಕೂ ಹೋಗುತ್ತಿರಲಿಲ್ಲ.

ಹದಿನೆಂಟಕ್ಕೆ ಮೊಗುಡಂಪಲ್ಲಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋದರು. ಆರು ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡ. ಎರಡು ವರ್ಷದ ಮಗಳು ಸ್ವರೂಪಾಳನ್ನು ಎತ್ತಿಕೊಂಡು ತವರಿಗೆ ಮರಳಿದಾಗ ಕಿಷ್ಟಪ್ಪ ಕೇರಿಯ ಹಿರಿಯರನ್ನು ಬೌದ್ಧವಿಹಾರದ ಕಟ್ಟೆಯ ಮೇಲೆ ಕೂಡಿಸಿದರು.

"ಹಳ್ಳದ ಕಡೆ ಎರಡೂವರೆ ಎಕರೆ ಉಮಾಂದು. ಹಾದಿ ಕಡೆ ಎರಡೂವರೆ ಜೈಪಾಲಂದು. ನಾ ಹೋದ ಮ್ಯಾಲ ಯಾರೂ ತಕರಾರ ಮಾಡಬಾರದು" ಎಂದು ಎಲ್ಲರ ಎದುರಿಗೆ ಹೇಳಿದರು. ಕಾಗದ ಮಾಡಲಿಲ್ಲ. ಮಕ್ಕಳಿಬ್ಬರ ನಡುವೆ ಕಾಗದ ಬೇಕಾಗಬಹುದೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಹಳ್ಳದ ಕಡೆಯ ಹೊಲ ಕಲ್ಲಿನದು. ಉಮಾಬಾಯಿ ಮೂರು ಬೇಸಿಗೆ ಕಲ್ಲು ಆರಿಸಿ, ಅದೇ ಕಲ್ಲಿನಿಂದ ಬದು ಹಾಕಿದರು. ತೊಗರಿ, ಹೆಸರು, ಜೋಳ ಬೆಳೆದರು. ಜೈಪಾಲ ಅಕ್ಕನ ದುಡಿಮೆಯಲ್ಲಿ ಬಿಕಾಂ ಮುಗಿಸಿದ. ಜಹೀರಾಬಾದಿನಲ್ಲಿ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮನೆ ಕಟ್ಟಿದ. ತನ್ನ ಪಾಲಿನ ಹೊಲವನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ಕೋರಿಗೆ ಕೊಟ್ಟ. ಉಮಾಬಾಯಿ ಪ್ರತಿ ವರ್ಷ ಹೊಸ ತೊಗರಿ ಒಡೆಸಿ ಬೇಳೆಯ ಗಂಟು ಹೊತ್ತು ಜೀಪಿನಲ್ಲಿ ತಮ್ಮನ ಮನೆಗೆ ಬರುತ್ತಿದ್ದರು.

ಕಿಷ್ಟಪ್ಪ ತೀರಿಕೊಂಡ ಮೇಲೆ ಹೊಲವನ್ನು ವಾರಸರ ಹೆಸರಿಗೆ ಮಾಡಿಸಬೇಕಾಯಿತು. ಜೈಪಾಲ ಐದೂ ಎಕರೆಯನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡ.

"ಇಬ್ಬರ ಹೆಸರಿಗಿ ಅಂದ್ರ ಆಫೀಸಿಗಿ ಹತ್ತು ಸಲ ಅಡ್ಡಾಡಬೇಕು ಅಕ್ಕಾ. ನನ್ನ ಹೆಸರಿಗಿದ್ದರೇನು, ನಿನ್ನ ಹೆಸರಿಗಿದ್ದರೇನು" ಎಂದ. ಉಮಾಬಾಯಿ ಹೂಂ ಅಂದರು.

ಹೀಗೆ ಪಟ್ಟಾ ತಮ್ಮನ ಹೆಸರಲ್ಲಿ, ಹಳ್ಳದ ಕಡೆಯ ಉಳುಮೆ ಅಕ್ಕನ ಕೈಯಲ್ಲಿ ಇಪ್ಪತ್ತೆರಡು ವರ್ಷ ನಡೆಯಿತು.

2018ರ ಮಳೆಗಾಲದಲ್ಲಿ ಪಕ್ಕದ ಹೊಲದ ಕಾಶಿರಾಮ ತಾನೇ ಅಳತೆ ಮಾಡಿಸಿ, ಬದುವಿನ ಈಚೆಗೂ ತನ್ನ ಜಾಗವಿದೆ ಎಂದು ಟ್ರಾಕ್ಟರು ತಂದ. ಅರ್ಧ ಬದು ಕೆಡವಿದ್ದ. ಉಮಾಬಾಯಿ ಓಡಿಹೋಗಿ ಟ್ರಾಕ್ಟರಿನ ಮುಂದೆ ನಿಂತರು.

"ದೂರ ಸರೀರಿ ಉಮಾಬಾಯಿ" ಎಂದ ಕಾಶಿರಾಮ.

"ನಾ ಸರಿಯಲ್ಲರಿ. ಈ ಕಲ್ಲು ಒಂದೊಂದೂ ನಾನೇ ಹೊತ್ತು ಇಟ್ಟೀನಿ."

ಮಧ್ಯಾಹ್ನದವರೆಗೆ ನಿಂತೇ ಇದ್ದರು. ಕಾಶಿರಾಮ ಸಿಟ್ಟಿನಿಂದ ಠಾಣೆಗೆ ಹೋಗಿ ಉಮಾಬಾಯಿಯವರ ಮೇಲೆ ಅರ್ಜಿ ಕೊಟ್ಟುಬಂದ. ಸುದ್ದಿ ತಿಳಿದು ಮರುದಿನ ಜೈಪಾಲ ಊರಿಗೆ ಬಂದು ಅಕ್ಕನನ್ನು ಸಮಾಧಾನ ಮಾಡಿದ.

"ಕೋರ್ಟಿಲಿಂದ ಸ್ಟೇ ತರಾಮು. ಆಮ್ಯಾಲ ಅಂವ ಬದುವಿನ ಮ್ಯಾಲ ಕಾಲ ಇಡಾಕ ಆಗಲ್ಲ. ಪಟ್ಟಾ ನನ್ನ ಹೆಸರಿಗಿ ಅದ, ಅದಕ್ಕ ಕೇಸು ನನ್ನ ಹೆಸರಿಲೇ ಹಾಕಬೇಕಾಗ್ತದ. ನೀ ಫಿಕರ್ ಮಾಡಬ್ಯಾಡ."

ದಾವೆಯಲ್ಲಿ, ಹೊಲ ನನ್ನದು, ನನ್ನ ಕಬ್ಜೆಯಲ್ಲೇ ಇದೆ, ಕಾಶಿರಾಮ ಒಳಗೆ ಬರದಂತೆ ತಡೆಯಾಜ್ಞೆ ಕೊಡಬೇಕು ಎಂದು ಜೈಪಾಲ ಕೇಳಿದ್ದ. ಅದಕ್ಕೆ ಕಾಶಿರಾಮ ಕೊಟ್ಟ ಉತ್ತರ ಚುರುಕಾಗಿತ್ತು. ಈ ಮನುಷ್ಯ ಪಟ್ಟಣದಲ್ಲಿ ಇರುತ್ತಾನೆ, ಆ ಹೊಲ ಉಳುವವಳು ಇವನ ಅಕ್ಕ, ಕಬ್ಜೆಯೇ ಇಲ್ಲದವನಿಗೆ ತಡೆಯಾಜ್ಞೆ ಹೇಗೆ ಕೊಡುತ್ತೀರಿ ಎಂದು ಬರೆಸಿದ್ದ. ಇಂಥ ದಾವೆಯಲ್ಲಿ ಕೋರ್ಟು ಮೊದಲು ನೋಡುವುದು ಹೊಲ ಯಾರ ಕೈಯಲ್ಲಿದೆ ಎಂಬುದನ್ನೇ. ಜೈಪಾಲನ ಕೇಸು ಅಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಅಕ್ಕನ ಸಾಕ್ಷಿ ಬೇಕಾಯಿತು.

ಅವರಿಬ್ಬರೂ ನನ್ನ ಅಂಗಡಿಗೆ ಬಂದದ್ದು ಆಗ. ಉಮಾಬಾಯಿ ತಮ್ಮನ ಹಿಂದೆ ಸೆರಗು ಹೊದ್ದು ನಿಂತಿದ್ದರು. ಅವರ ಸಾಕ್ಷಿಯ ಪ್ರಮಾಣಪತ್ರದ ಕರಡನ್ನು ವಕೀಲರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು. ಹೊಲ ಮಾಡುವವನು ತಮ್ಮನೇ, ತಾನು ಅವನಿಗೆ ನೆರವಾಗಲು ಹೋಗುತ್ತೇನೆ ಎಂಬಷ್ಟು ಅದರಲ್ಲಿತ್ತು. ನಾನು ಹೊಡೆದು ಮುಗಿಸುವ ಹೊತ್ತಿಗೆ ಜೈಪಾಲ ಪಕ್ಕಕ್ಕೆ ಬಂದು ಒಂದು ಚೀಟಿ ಇಟ್ಟ.

"ರಾಮುಲಣ್ಣ, ಇದೊಂದು ಕೊನೀಗಿ ಸೇರಸ್ರಿ. ವಕೀಲರು ಹೇಳ್ಯಾರ."

ಚೀಟಿಯಲ್ಲಿ ಇಂಗ್ಲಿಷಿನ ಎರಡು ಸಾಲುಗಳಿದ್ದವು: ನನ್ನ ತಂದೆ ನನಗೆ ಯಾವ ಪಾಲನ್ನೂ ಕೊಟ್ಟಿಲ್ಲ. ಈ ಐದು ಎಕರೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ, ಮುಂದೆಯೂ ಕೇಳುವುದಿಲ್ಲ.

ಬದುವಿನ ಜಗಳಕ್ಕೆ ಈ ಮಾತು ಯಾಕೆ ಎಂದು ಮನಸ್ಸಿಗೆ ಬಂತು. ಆದರೆ ವಕೀಲರು ಹೇಳಿದ್ದಾರೆ ಅಂದಮೇಲೆ ನಾನು ಯಾರು ಕೇಳಲು ಎಂದುಕೊಂಡು ಹೊಡೆದೆ. ಪ್ರಿಂಟು ತೆಗೆದು ಗುರುತು ಮಾಡಿ ಮುಂದಿಟ್ಟಾಗ ಉಮಾಬಾಯಿ ನನ್ನನ್ನೇ ನೋಡಿ ಕೇಳಿದರು:

"ಇದರಾಗ ಏನ್ ಬರದದರಿ ಅಣ್ಣ?"

ನಾನು ಬಾಯಿ ತೆರೆಯುವ ಮೊದಲೇ ಜೈಪಾಲ ಹೇಳಿದ: "ಹೊಲ ನಮ್ಮದು ಅಂತ ಬರದದ ಅಕ್ಕಾ."

ನಾನು ಸುಮ್ಮನಿದ್ದೆ. ಅವರು ಕನ್ನಡದ ದುಂಡು ಅಕ್ಷರಗಳಲ್ಲಿ ನಿಧಾನವಾಗಿ ತಮ್ಮ ಹೆಸರು ಬರೆದರು.

ಸಾಕ್ಷಿಕಟ್ಟೆಗೆ ಹತ್ತುವ ದಿನ ಜೈಪಾಲ ಅಕ್ಕನಿಗೆ ಪಾಠ ಹೇಳಿಕೊಟ್ಟಿದ್ದ. ಕಾಶಿರಾಮನ ವಕೀಲ ತೆಲುಗಿನಲ್ಲಿ ಕೇಳಿದ, ಬಿತ್ತುವವರು ಯಾರು, ಕಳೆ ತೆಗೆಯುವವರು ಯಾರು, ರಾಶಿ ಮಾಡುವವರು ಯಾರು ಎಂದು. ಉಮಾಬಾಯಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ತಮ್ಮನ ಕಡೆ ಒಮ್ಮೆ ನೋಡಿ, "ಎಲ್ಲಾ ನನ್ನ ತಮ್ಮ ಮಾಡಸ್ತಾನ್ರಿ. ನಾ ಕೂಲಿಗಿ ಹೋಗ್ತೀನಿ" ಎಂದರು.

ಹೊರಗೆ ಬಂದ ಮೇಲೆ ಜೈಪಾಲ ಹೋಟೆಲಿಗೆ ಕರೆದೊಯ್ದ. ಅವರು ಚಹಾ ಮಾತ್ರ ಕುಡಿದರು.

"ದೇವರಂಥಾ ಜಾಗದಾಗ ನಿಂತು ಸುಳ್ಳು ಹೇಳಿದೆನಲ್ಲೋ ಜೈಪಾಲ. ನನ್ನ ಹೊಲಕ್ಕ ನಾನೇ ಕೂಲಿಯಾಕಿ ಅಂದೆ."

"ಕಾಶಿರಾಮನ್ನ ಹೊರಗ ಇಡಾಕ ಹೇಳಿದ ಮಾತು ಅಕ್ಕಾ ಅದು. ನಮ್ಮಿಬ್ಬರ ನಡುವ ಅದರಿಂದ ಏನಾಗ್ತದ?"

ಆ ಸುಳ್ಳು ಅವರನ್ನು ಬಹಳ ದಿನ ಕಾಡಿತಂತೆ. ಆದರೆ ತಮ್ಮನಿಗಾಗಿ ಹೇಳಿದ್ದು ಎಂದು ಸಮಾಧಾನ ಮಾಡಿಕೊಂಡರು. 2021ರಲ್ಲಿ ತೀರ್ಪು ಬಂತು. ಕಾಶಿರಾಮ ಆ ಹೊಲದ ಕಡೆ ಬರದಂತೆ ಕೋರ್ಟು ಶಾಶ್ವತ ತಡೆಯಾಜ್ಞೆ ಕೊಟ್ಟಿತು. ಉಮಾಬಾಯಿ ಬಿದ್ದ ಬದುವನ್ನು ಮತ್ತೆ ಕಟ್ಟಿದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಸುತ್ತಿನಲ್ಲಿ ಕಾರ್ಖಾನೆಗಳು ಬರುತ್ತವೆ ಎಂಬ ಮಾತು ಹಬ್ಬಿ, ಕೇಳುವವರೇ ಇಲ್ಲದಿದ್ದ ಹೊಲಗಳನ್ನು ನೋಡಲು ಕಾರುಗಳು ಬರತೊಡಗಿದವು. 2023ರ ಮೇ ತಿಂಗಳ ಒಂದು ಬೆಳಿಗ್ಗೆ ಉಮಾಬಾಯಿ ಗೊಬ್ಬರ ಹರಡಲು ಹೋದಾಗ ಹಳ್ಳದ ಅಂಚಿನಲ್ಲಿ ಲಾರಿ ನಿಂತಿತ್ತು. ನಾಲ್ಕು ಜನ ಕೂಲಿಯವರು ಗುಂಡಿ ತೋಡಿ ತಾಂಡೂರು ಕಲ್ಲಿನ ಕಂಬಗಳನ್ನು ನೆಡುತ್ತಿದ್ದರು. ಯಾರು ಹೇಳಿದರು ಎಂದು ಕೇಳಿದರೆ, "ಮಾಲಕರು, ಜೈಪಾಲ ಸಾರು" ಎಂದರು.

ಉಮಾಬಾಯಿ ನಂಬಲಿಲ್ಲ. ಕಾಶಿರಾಮನದೇ ಏನೋ ಆಟ ಎಂದುಕೊಂಡು, ಅಲ್ಲೇ ನಿಂತು ತಮ್ಮನಿಗೆ ಫೋನು ಮಾಡಿ ಬೇಗ ಬಾ ಎಂದರು. ಜೈಪಾಲ ಬಂದ. ಜೊತೆಗೆ ತಾಂಡೂರಿನ ಇಬ್ಬರು ಕಾರಿನಲ್ಲಿ ಬಂದಿದ್ದರು, ಹೊಲ ಕೊಳ್ಳುವವರು.

"ಐದೂ ಎಕರೆ ಮಾತಾಡೀನಿ ಅಕ್ಕಾ. ನಿನಗೂ ಏನರೆ ಕೊಡ್ತೀನಿ."

"ಏನರೆ ಅಂದ್ರ? ಇದು ನನ್ನದು. ಅಪ್ಪ ಕೊಟ್ಟದ್ದು. ನಾ ಮಾರಲ್ಲ."

ಜೈಪಾಲ ನೆಲ ನೋಡುತ್ತ ಹೇಳಿದ:

"ಅಪ್ಪ ಏನೂ ಕೊಟ್ಟಿಲ್ಲ ಅಂತ ಕೋರ್ಟಿನಾಗ ನೀನೇ ಹೇಳಿದಿ ಅಕ್ಕಾ. ನಿನ್ನ ಸಹಿ ಅದ."

ಅವರಿಗೆ ಮಾತು ಅರ್ಥವಾಗಲಿಲ್ಲ. ಅವನು ಕಾರಿನಿಂದ ಕಾಗದದ ನಕಲು ತಂದು ಕೈಗೆ ಕೊಟ್ಟು, ಕೊಳ್ಳುವವರನ್ನು ಕರೆದುಕೊಂಡು ಹೋದ. ಕೊನೆಯಲ್ಲಿದ್ದ ತಮ್ಮ ದುಂಡು ಅಕ್ಷರಗಳು ಮಾತ್ರ ಅವರಿಗೆ ಗುರುತು ಸಿಕ್ಕವು.

ಮಗಳು ಸ್ವರೂಪಾ ನಾರಾಯಣಖೇಡದಲ್ಲಿ ಅಂಗನವಾಡಿ ಟೀಚರು. ಮಧ್ಯಾಹ್ನದ ಬಸ್ಸಿಗೆ ಹೊರಟು ಬಂದಳು. ಪಡಸಾಲೆಯಲ್ಲಿ ಕೂತು ಒಂದೊಂದೇ ಸಾಲು ಕನ್ನಡ ಮಾಡಿ ಓದಿ ಹೇಳಿದಳು. ಕೊನೆಯ ಎರಡು ಸಾಲಿಗೆ ಬಂದಾಗ ನಿಂತುಬಿಟ್ಟಳು.

"ಯವ್ವಾ, ಇದು ಓದಾಕ ಬಾಯಿ ಬರವಲ್ದು."

"ಓದು."

ಸ್ವರೂಪಾ ಓದಿದಳು. ಉಮಾಬಾಯಿ ಮತ್ತೊಮ್ಮೆ ಓದಿಸಿದರು. ಆಮೇಲೆ ಕೇಳಿದರು: "ಇದು ಯಾವ ವರ್ಷ ಬರದ ಕಾಗದ?"

"ಎರಡು ಸಾವಿರದ ಹತ್ತೊಂಬತ್ತು."

ಅವರು ಅತ್ತದ್ದು ಅದನ್ನು ಕೇಳಿದ ಮೇಲೆ. ಈಗ ದುಡ್ಡಿನ ಆಸೆಗೆ ತಮ್ಮ ಕೆಟ್ಟ ಎಂದಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ಹೊಲ ಕೊಳ್ಳುವವರು ಯಾರೂ ಇಲ್ಲದಿದ್ದ ಕಾಲದಲ್ಲಿ, ಬದು ಉಳಿಸಿಕೊಡುತ್ತೇನೆ ಎಂದು ಕೈಹಿಡಿದು ಕರೆದೊಯ್ದ ದಿನವೇ ಅವನು ಇದನ್ನು ಬರೆಸಿದ್ದ. ಅದಾದ ಮೇಲೂ ನಾಲ್ಕು ವರ್ಷ ಅವರು ಬೇಳೆಯ ಗಂಟು ಹೊತ್ತು ಅವನ ಮನೆಗೆ ಹೋಗಿದ್ದರು, ಅವನು ತೆಗೆದುಕೊಂಡಿದ್ದ.

ಸ್ವರೂಪಾ ನಾರಾಯಣಖೇಡದ ದೇವಿಕಾ ಎಂಬ ವಕೀಲರನ್ನು ಹುಡುಕಿದಳು. ಅರ್ಧ ಹೊಲ ತನ್ನದೆಂದು ಘೋಷಿಸಬೇಕು, ತೀರ್ಪು ಬರುವವರೆಗೆ ಜೈಪಾಲ ಮಾರದಂತೆ, ತನ್ನನ್ನು ಹೊರಹಾಕದಂತೆ ತಡೆಯಬೇಕು ಎಂದು ಉಮಾಬಾಯಿಯವರ ಹೆಸರಿನಲ್ಲಿ ದಾವೆ ಬಿತ್ತು. ಜೈಪಾಲ ಹೆಚ್ಚು ಶ್ರಮ ಪಡಲಿಲ್ಲ. ಹಳೆಯ ತೀರ್ಪನ್ನೂ ಅಕ್ಕನ ಪ್ರಮಾಣಪತ್ರವನ್ನೂ ಕೋರ್ಟಿನ ಮುಂದಿಟ್ಟ. ನ್ಯಾಯಾಧೀಶರಿಗೆ ಮುಂದಿರುವ ಕಾಗದವೇ ದಾರಿ. ಇದೇ ಹೊಲದಲ್ಲಿ ಹಕ್ಕೂ ಇಲ್ಲ, ಕಬ್ಜೆಯೂ ಇಲ್ಲ ಎಂದು ಪ್ರಮಾಣ ಮಾಡಿದವರು ಈಗ ಬೇರೆ ಹೇಳಿದರೆ ತಡೆಯಾಜ್ಞೆ ಕೊಡಲು ಬರುವುದಿಲ್ಲ ಎಂದು ತಡೆಯಾಜ್ಞೆಯ ಅರ್ಜಿ ವಜಾ ಆಯಿತು, ದಾವೆ ಮಾತ್ರ ಉಳಿಯಿತು.

ಆ ದಿನ ನಾನು ಅಂಗಡಿಯಲ್ಲಿದ್ದೆ. ಆ ಎರಡು ಸಾಲು ಯಾರು ಸೇರಿಸಿದರೆಂದು ನನಗೆ ಗೊತ್ತಿತ್ತು. ಆ ಕರಡು ಬರೆದಿದ್ದ ಜೈಪಾಲನ ಹಳೆಯ ವಕೀಲರನ್ನು ಒಮ್ಮೆ ಮೆಲ್ಲಗೆ ಕೇಳಿಯೂ ನೋಡಿದ್ದೆ. ತಮ್ಮ ಕರಡಿನಲ್ಲಿ ಅದು ಇರಲೇ ಇಲ್ಲ, ಹೇಗೆ ಬಂತೋ ಎಂದು ಅವರಿಗೇ ಆಶ್ಚರ್ಯವಾಗಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಕಕ್ಷಿದಾರರ ಗುಟ್ಟು ಹೊರಹಾಕುವ ಟೈಪಿಸ್ಟನ ಹತ್ತಿರ ಯಾವ ವಕೀಲ ಬರುತ್ತಾನೆ? ಉಮಾಬಾಯಿ ಮಗಳ ತೋಳು ಹಿಡಿದು ನನ್ನ ಅಂಗಡಿಯ ಮುಂದೆಯೇ ಹಾದುಹೋದರು. ನಾನು ಕಂಪ್ಯೂಟರ್ ನೋಡುತ್ತ ಕೂತೆ.

ವಾರದೊಳಗೆ ಕಂಬಗಳಿಗೆ ತಂತಿ ಬಂತು. ಆ ವರ್ಷ ಉಮಾಬಾಯಿ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋದರು. ಕೋರ್ಟಿನಲ್ಲಿ ಹೇಳಿದ ಕೂಲಿಯ ಮಾತು ನಿಜವೇ ಆಯಿತು ಎಂದು ಜೊತೆಯವರ ಎದುರು ಒಮ್ಮೆ ಹೇಳಿದರಂತೆ. ಮತ್ತೆ ಹೇಳಲಿಲ್ಲ.

ಅವರ ಅಂಗಳಕ್ಕೆ ಬಂದವನು ಕಾಶಿರಾಮ. ಐದು ವರ್ಷದಿಂದ ಮಾತು ಬಿಟ್ಟಿದ್ದವನು ಬಂದು ಬಾಗಿಲ ಹೊರಗೇ ನಿಂತ.

"ಉಮಾಬಾಯಿ, ನಿಮ್ಮ ಸಂಗಟ ನಾ ಜಗಳಾಡಿದ್ದು ಖರೆ. ಬದುವಿನ ಮಾತು ಈಗೂ ನಾ ಬಿಟ್ಟಿಲ್ಲ. ಆದ್ರ ಟ್ರಾಕ್ಟರ್ ಮುಂದ ನಿಂತವರು ನೀವು. ನಿಮ್ಮ ತಮ್ಮ ಅವತ್ತು ಊರಾಗೇ ಇದ್ದಿಲ್ಲ."

"ಅದನ್ನ ಈಗ ಹೇಳಿ ಏನ್ ಮಾಡೋದರಿ ಅಣ್ಣ."

"ಅವತ್ತು ಠಾಣಾಕ್ಕ ನಿಮ್ಮ ಮ್ಯಾಲ ಅರ್ಜಿ ಕೊಟ್ಟಿದ್ದೆ. ಅದರ ನಕಲು ನನ್ನ ಹಂತೇಲಿ ಅದ. ಈ ಹೊಲ ಮಾಡೋ ಉಮಾಬಾಯಿ ನನ್ನ ಟ್ರಾಕ್ಟರ್ ತಡದಾಳ ಅಂತ ನಾನೇ ಬರಸೀನಿ. ಠಾಣೆದ ಮೊಹರೂ ಅದ. ತಗೋರಿ."

ದೇವಿಕಾ ಆ ಕಾಗದ ನೋಡಿ ಮೇಲ್ಮನವಿಗೆ ತಯಾರಾದರು. ಎದುರಾಳಿಯಾಗಿದ್ದವನೇ ಅಂದು ಸಿಟ್ಟಿನಲ್ಲಿ ಬರೆಸಿದ ಮಾತಿಗೆ ಬೆಲೆ ಇರುತ್ತದೆ ಎಂದರು. ಆದರೆ ಪ್ರಮಾಣಪತ್ರದ ಕೊನೆಯ ಸಾಲುಗಳಿಗೆ ಉತ್ತರ ಬೇಕಿತ್ತು. ಅದು ಎಲ್ಲಿ ಟೈಪಾಯಿತು ಎಂದು ಕೇಳಿದಾಗ ಉಮಾಬಾಯಿ ಅವರನ್ನು ನನ್ನ ಅಂಗಡಿಗೆ ಕರೆತಂದರು.

ದೇವಿಕಾ ಏನೂ ಕೇಳುವ ಮೊದಲೇ ಉಮಾಬಾಯಿ ನನಗೆ ಹೇಳಿದರು: "ಅಣ್ಣ, ನಾ ಅವತ್ತು ನಿಮ್ಮನ್ನ ಕೇಳಿದ್ದೆ, ಏನ್ ಬರದದ ಅಂತ. ನನ್ನ ತಮ್ಮನ್ನ ಕೇಳಿದ್ದಿಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ನನ್ನ ಪ್ರಮಾಣಪತ್ರವನ್ನು ನಾನೇ ಟೈಪು ಮಾಡಿದೆ, ಕನ್ನಡದಲ್ಲಿ ಅವರಿಗೆ ಪೂರ್ತಿ ಓದಿ ಹೇಳಿದೆ. ಅವರು ತಲೆಯಾಡಿಸಿ ಕೇಳಿಸಿಕೊಂಡು, ಕಾಗದವನ್ನು ಮಗಳ ಕೈಗೆ ಕೊಟ್ಟು, "ನೀ ಒಮ್ಮೆ ಓದು" ಎಂದರು. ನನ್ನ ಓದಿನ ಮೇಲೆ ಅವರಿಗೆ ಭರವಸೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಆಮೇಲೆ ಇಬ್ಬರು ವಕೀಲರು ನನ್ನ ಅಂಗಡಿಗೆ ಬರುವುದನ್ನು ಬಿಟ್ಟರು.

ಸಂಗಾರೆಡ್ಡಿಯ ಜಿಲ್ಲಾ ಕೋರ್ಟಿನಲ್ಲಿ ಮೇಲ್ಮನವಿ ಎಂಟು ತಿಂಗಳು ನಡೆಯಿತು. 2024ರ ಜೂನಿನಲ್ಲಿ ಆದೇಶ ಬಂತು. ದಾವೆ ಮುಗಿಯುವ ತನಕ ಜೈಪಾಲ ಐದು ಎಕರೆಯಲ್ಲಿ ಯಾವ ಭಾಗವನ್ನೂ ಮಾರಬಾರದು, ಹಳ್ಳದ ಕಡೆಯ ಎರಡೂವರೆ ಎಕರೆಯಲ್ಲಿ ಅಕ್ಕನ ಉಳುಮೆಗೆ ಅಡ್ಡ ಬರಬಾರದು. ಹಕ್ಕು ಯಾರದೆಂಬುದು ಮಾತ್ರ ಕೆಳಗಿನ ಕೋರ್ಟಿನ ವಿಚಾರಣೆಯಲ್ಲೇ ತೀರ್ಮಾನವಾಗಬೇಕು. ಕೇಸು ಮುಗಿಯಲೆಂದು ಕಾಯುತ್ತಿದ್ದ ತಾಂಡೂರಿನವರು ಮಾತು ಮುರಿದುಕೊಂಡು ಹೋದರು. ಉಮಾಬಾಯಿ ತಂತಿ ಬಿಚ್ಚಿಸಿ, ಒಂದು ವರ್ಷ ತಪ್ಪಿದ ಮೇಲೆ ಮತ್ತೆ ತೊಗರಿ ಬಿತ್ತಿದರು.

ವಿಚಾರಣೆಯಲ್ಲಿ ಅವರು ಮತ್ತೆ ಸಾಕ್ಷಿಕಟ್ಟೆ ಹತ್ತಿದ್ದು ಕಳೆದ ವರ್ಷ. ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ಜೈಪಾಲನ ವಕೀಲ ಹಳೆಯ ಕಾಗದ ತೋರಿಸಿ, ಅಂದು ಹೇಳಿದ್ದು ಸುಳ್ಳೋ, ಇಂದು ಹೇಳುತ್ತಿರುವುದು ಸುಳ್ಳೋ ಎಂದು ಕೇಳಿದರು.

"ಅವತ್ತು ಹೇಳಿದ್ದು ಸುಳ್ಳರಿ" ಎಂದರು ಉಮಾಬಾಯಿ. "ಕಾಗದದಾಗ ಏನಿತ್ತು ನನಗ ಗೊತ್ತಿದ್ದಿಲ್ಲ. ಕೂಲಿಗಿ ಹೋಗ್ತೀನಿ ಅಂದದ್ದು ಮಾತ್ರ ಗೊತ್ತಿದ್ದೇ ಹೇಳೀನಿ. ತಮ್ಮ ಹೇಳು ಅಂದ, ಹೇಳಿದೆ. ಅದಕ್ಕ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವರನ್ನೊಮ್ಮೆ ನೋಡಿ, ಆಮೇಲೆ ಹೇಳಿದ್ದನ್ನು ಹೇಳಿದಂತೆಯೇ ಬರೆಸಿಕೊಂಡರು.

ಹೊರಗಿನ ವರಾಂಡದಲ್ಲಿ ಜೈಪಾಲ ಎದುರಾದ. ಕೂದಲು ಬಹಳ ನರೆತಿತ್ತು. "ಅಕ್ಕಾ, ರಾಜಿ ಮಾಡ್ಕೊಳ್ಳಾಮು. ಹಳ್ಳದ ಕಡೀಂದು ನಿನ್ನ ಹೆಸರಿಗಿ ಮಾಡಿಕೊಡ್ತೀನಿ. ಕೇಸು ತಗೊಂಡುಬಿಡು" ಎಂದ.

"ಹೊಲದ ಮಾತು ಕೋರ್ಟು ನೋಡ್ತದ" ಎಂದರು ಉಮಾಬಾಯಿ. "ನೀ ಆ ಚೀಟಿ ಕೊಡಾಗ ನಾ ನಿನ್ನ ಬೆನ್ನ ಹಿಂದೇ ನಿಂತಿದ್ದೆ. ಅವತ್ತು ನಿನಗ ಅಂಥಾದ್ದೇನು ಬಂದಿತ್ತು ಜೈಪಾಲ? ಕೇಳಿದ್ದರ ನಾನೇ ಕೊಡ್ತಿದ್ದೆ. ಯಾಕ ಬರದಿ, ಅದೊಂದು ಹೇಳು."

ಅವನು ಏನೋ ಹೇಳಲು ಹೋದ. ಅಷ್ಟರಲ್ಲಿ ಅವನ ವಕೀಲರು ಕರೆದರು, ಅವನು ಆ ಕಡೆ ನಡೆದ. ಉಮಾಬಾಯಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಅವನು ತಿರುಗಿ ಬರುತ್ತಾನೆಂದು ಕಾದರೋ ಏನೋ. ಬರಲಿಲ್ಲ. ಸ್ವರೂಪಾ ಬಂದು ಜೀಪು ಹೊರಡುತ್ತದೆ ಎಂದಳು.

ರಾಜಿಗೆ ಅವರು ಒಪ್ಪಿಲ್ಲ. ದಾವೆಯ ತೀರ್ಪು ಇನ್ನೂ ಬಂದಿಲ್ಲ. ದೇವಿಕಾ ವಕೀಲರಿಗೆ ಗೆಲ್ಲುವ ಭರವಸೆ ಇದೆ. ಉಮಾಬಾಯಿ ಯಾವ ಭರವಸೆಯ ಮಾತನ್ನೂ ಆಡುವುದಿಲ್ಲ. ತಾರೀಖಿನ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹೆಸರು ಕೂಗಿದರೆ ಒಳಗೆ ಹೋಗಿ ನಿಲ್ಲುತ್ತಾರೆ, ಮುಂದಿನ ತಾರೀಖು ಯಾವತ್ತೆಂದು ಇಬ್ಬರು ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡು ಗುಂಡನೂರಿನ ಜೀಪು ಹತ್ತುತ್ತಾರೆ.